ಜಗಲಿಗೆ ಬಂದ ಮರದ ನೆಲ

ಮನುಷ್ಯನ ನಾಗರಿಕತೆಯೆಲ್ಲ ನಿಂತಿರುವುದು ಕಾಲ ಕೆಳಗಿನ ನೆಲದ ಮೇಲೆ ಎಂಬುದನ್ನು ವಿಚಾರವಂತರು ಯಾರೂ ಅಲ್ಲಗಳೆಯಲಾರರು. ನಮ್ಮ ನಡುಮನೆಯ ನೆಲದ ಮೇಲೆ ಮಾತ್ರ ನಾಗರಿಕತೆ ಹಾಗಿರಲಿ, ನೀರಿನ ಚೊಂಬೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹಳೆಯ ಗಾರೆ ಅಲ್ಲಲ್ಲಿ ಎದ್ದು, ಮನೆಗೆ ಬಂದವರೆಲ್ಲ ಮೊದಲು ಎಡವಿ ಆಮೇಲೆ ನಮಸ್ಕಾರ ಹೇಳುವಂತಾಗಿತ್ತು. ನೆಲ ಬದಲಾಯಿಸುವುದೆಂದು ತೀರ್ಮಾನವಾದ ದಿನ ನನ್ನ ಹೆಂಡತಿ ಸುಶೀಲಾ, ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆಯೇ, "ನೆಲದ ಬಣ್ಣ ನೀವೇ ಆರಿಸ್ಕಳಿ" ಎಂದುಬಿಟ್ಟಳು.

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ದಾಂಪತ್ಯದಲ್ಲಿ ಬಣ್ಣಗಳ ಚರಿತ್ರೆ ನಿಮಗೆ ಗೊತ್ತಿರಬೇಕು. ಸುಶೀಲಾ ಕೊಳ್ಳೇಗಾಲದ ಮಗ್ಗದ ಮನೆಯ ಮಗಳು. ಅವಳ ತವರಿನಲ್ಲಿ ಬರೀ ಹಸಿರು ಎಂಬ ಬಣ್ಣವೇ ಇಲ್ಲ. ಗಿಳಿಹಸಿರು, ಎಲೆಹಸಿರು, ಪಾಚಿಹಸಿರು ಎಂದು ಅದಕ್ಕೊಂದು ದೊಡ್ಡ ಬಳಗವೇ ಇದೆ. ನಾನು ಯಳಂದೂರಿನ ಬೆಲ್ಲದ ವ್ಯಾಪಾರಿಗಳ ಮನೆಯವನು. ನಮ್ಮಲ್ಲಿ ಬಣ್ಣ ಎರಡೇ: ಮಾರಾಟವಾಗುವ ಬೆಲ್ಲದ್ದು, ಆಗದ ಬೆಲ್ಲದ್ದು. ಮದುವೆಯಾದ ಹೊಸದರಲ್ಲಿ ಮಾವನವರು ಆಗತಾನೇ ಮಗ್ಗದಿಂದ ಇಳಿಸಿದ ಸೀರೆ ತೋರಿಸಿ ಹೇಗಿದೆ ಎಂದಾಗ, "ಒಳ್ಳೆ ಕೆಂಪು" ಎಂದೆ. ಅದು ನೇರಳೆ ಬಣ್ಣವಂತೆ. ಅಂದಿನಿಂದ ನನ್ನ ಅಂಗಿ, ಮನೆಯ ಗೋಡೆ, ಕೊನೆಗೆ ನನ್ನದೇ ಸ್ಕೂಟರಿನ ಸೀಟು ಹೊದಿಕೆ, ಯಾವುದರ ಬಣ್ಣಕ್ಕೂ ನನ್ನ ಅಭಿಪ್ರಾಯ ಕೇಳಿದವರಿಲ್ಲ. ಈಗ ಏಕಾಏಕಿ ಇಡೀ ನಡುಮನೆ ನನ್ನ ಕೈಗೆ ಬಂದಿತ್ತು.

ಪಟ್ಟಾಭಿಷೇಕಕ್ಕೆ ಹೊರಟವನ ಗತ್ತಿನಲ್ಲಿ ಅಂಗಡಿಗೆ ಹೋಗಿ, ತಿಳಿ ಬಣ್ಣದ ಮರದ ನೆಲವೇ ಬೇಕು ಎಂದೆ. ಅಂಗಡಿಯವನು ಓಕ್, ಮೇಪಲ್, ಆಶ್ ಎಂದು ಪರದೇಶದ ಮರಗಳ ಹೆಸರು ಹೇಳುತ್ತಾ ಹೋದ. ನನಗೆ ಒಂದು ಹುರಿದ ರವೆಯಂತೆಯೂ, ಒಂದು ಕೆನೆಯಂತೆಯೂ, ಮೂರನೆಯದು ಮಜ್ಜಿಗೆಯಂತೆಯೂ, ನಾಲ್ಕನೆಯದು ಮತ್ತೆ ಮಜ್ಜಿಗೆಯಂತೆಯೂ ಕಂಡವು. ಊಟದ ಹೊತ್ತು ಮೀರಿತ್ತು. "ಮನೇಲಿಟ್ಟು ನೋಡಿ ಸಾ" ಎಂದು ಅವನು ಮಾದರಿಗೆಂದು ಮರದ ಪಟ್ಟಿ ಜೋಡಿಸಿ ಮಾಡಿದ, ಬಣ್ಣಕ್ಕೊಂದರಂತೆ ನಾಲ್ಕು ಅಗಲ ಹಲಗೆ ಕೊಟ್ಟು ಕಳಿಸಿದ.

ಮಗ್ಗದ ಮನೆಯವರು ಯಾವ ಬಣ್ಣವನ್ನೂ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪುವವರಲ್ಲ. ಬಾಗಿಲಾಚೆ ತಂದು ಬಿಸಿಲಿಗೆ ಹಿಡಿಯಬೇಕು. ಅದರಂತೆ ಮರುದಿನ ಸುಶೀಲಾ ನಾಲ್ಕನ್ನೂ ಜಗಲಿಯ ಮೇಲೆ ಸಾಲಾಗಿ ಹಾಕಿದಳು. ನಾನು ಅವುಗಳಿಗೆ ಪ್ರದಕ್ಷಿಣೆ ಬಂದೆ, ಕುಕ್ಕರಗಾಲಲ್ಲಿ ಕೂತೆ, ಒಂದು ಕಣ್ಣು ಮುಚ್ಚಿ ನೋಡಿದೆ, ಬೀದಿಯಲ್ಲಿ ಹೋಗುವವರಿಗೆ ಕಾಣಲಿ ಎಂದು ಗಲ್ಲಕ್ಕೆ ಬೆರಳನ್ನೂ ಇಟ್ಟುಕೊಂಡೆ. ಕೊನೆಗೆ ಕೆನೆಯ ಬಣ್ಣವೇ ಎಂದು ನಿಶ್ಚಯಿಸಿ, ಇಂಥ ಘೋಷಣೆಯನ್ನು ಮಡಿಯಲ್ಲಿ ಮಾಡುವುದು ಲೇಸೆಂದು ಸ್ನಾನಕ್ಕೆ ಹೋದೆ.

ತಲೆ ಒರೆಸುತ್ತಾ ಬಂದು ನೋಡಿದರೆ, ನನ್ನ ಕೆನೆಯ ಬಣ್ಣದ ಮೇಲೆ ಹೊನ್ನೂರಿನ ನನ್ನ ಸೋದರತ್ತೆ ಕೂತಿದ್ದಾರೆ. ಉಳಿದ ಮೂರರ ಮೇಲೆ ಅವರ ಮೂವರು ಸೊಸೆಯರು. ಎಲ್ಲರ ಮುಂದೆ ಬಾಳೆಲೆ. ಸೀರೆ ಕೊಳ್ಳಲು ಪೇಟೆಗೆ ಬಂದು ನಮ್ಮ ಬಾಗಿಲಲ್ಲಿ ಆಟೋದಿಂದಿಳಿದವರಿಗೆ ಜಗಲಿಯ ಮೇಲೆ ನಾಲ್ಕು ಮಣೆ ಕಂಡಿದೆ. ತಾವು ಬರುವುದು ನಮಗೆ ಹೇಗೋ ಮೊದಲೇ ತಿಳಿದಿದೆ ಎಂದು ಅತ್ತೆಯ ಕಣ್ಣು ತುಂಬಿ ಬಂತಂತೆ. ಮಣೆಯ ಮೇಲೆ ಕೂತವರನ್ನು ಉಣ್ಣಿಸದೆ ಎಬ್ಬಿಸುವುದುಂಟೇ? ಸುಶೀಲಾ ತುಟಿ ಬಿಗಿಹಿಡಿದು ಸಾರು ಬಡಿಸುತ್ತಿದ್ದಳು.

"ಅತ್ತೆ, ಅದು ನೆಲ" ಎಂದೆ.

"ನೆಲ ಕೆಳ್ಗದೆ ಕಣ್ಲಾ. ಇದು ಮಣೆ."

ಇಂಥವನ್ನೇ ನಡುಮನೆಯ ತುಂಬ, ಗೋಡೆಯಿಂದ ಗೋಡೆಗೆ ಹಾಸುತ್ತೇವೆಂದು ವಿವರಿಸಿದೆ. ಅತ್ತೆಯ ತುತ್ತು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

"ಮನೆ ತುಂಬ ಮಣೆ ಹಾಸ್ಬುಟ್ಟು ಅದ್ರ ಮ್ಯಾಲೆ ಓಡಾಡ್ತೀಯಾ? ನಾನು ಕೂತು ಉಂಡ ಮಣೆ ತುಳ್ಕಂಡು ಬಚ್ಚಲಿಗೆ ಓಯ್ತೀಯೇನ್ಲಾ?"

ಗೀರು ಬೀಳುವುದಿಲ್ಲ, ಗೆದ್ದಲು ಹತ್ತುವುದಿಲ್ಲ ಎಂದೆಲ್ಲ ಹೇಳಿಕೊಟ್ಟಿದ್ದ ಅಂಗಡಿಯವನು ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಅತ್ತೆ ಎದ್ದ ರಭಸಕ್ಕೆ ಎಲೆಯ ಸಾರು ಹಿಂದಕ್ಕೆ ಚಿಮ್ಮಿ ಕೆನೆಯ ಬಣ್ಣದ ಮೇಲೆ ಹರಡಿತು. ಸುಶೀಲಾ ಬಗ್ಗಿ, ಬಿಸಿಲಿನಲ್ಲಿ ಅದನ್ನು ಮಗ್ಗದ ಮನೆಯ ಕಣ್ಣಿನಿಂದ ದಿಟ್ಟಿಸಿ, "ಈಗ ನೋಡಿ, ಒಂದು ಬಣ್ಣ ಅಂತ ಬಂತು" ಎಂದಳು. ಸೊಸೆಯರು ಸೆರಗನ್ನು ಬಾಯಿಗೊತ್ತಿಕೊಂಡರು.

ಅತ್ತೆಯ ಮಣೆ ತುಳಿಯುವ ಧೈರ್ಯ ಸಾಲದೆ ಹಲಗೆಗಳನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವನು ಹಲಗೆಯನ್ನು ಮೂಸಿ ನೋಡಿ, "ಉಂಡಿರೋ ಹಲಗೇನ ಯಾರ್ಗೆ ಮಾರ್ಲಿ ಸಾ" ಎಂದು ನಾಲ್ಕಕ್ಕೂ ದುಡ್ಡು ತೆಗೆದುಕೊಂಡ.

ನಡುಮನೆಗೆ ಸುಶೀಲಾ ಹೇಳಿದ ಬಣ್ಣದ ಹೊಸ ಗಾರೆ ಹಾಕಿಸಿದ್ದೇವೆ. ನನ್ನ ಕಣ್ಣಿಗೆ ಅದು ಕೆಂಪು, ಕೆಂಪಲ್ಲವಂತೆ. ನಾನು ಆರಿಸಿದ ತಿಳಿ ಬಣ್ಣದ ಮರವೂ ಮನೆಯಲ್ಲಿದೆ. ಒಟ್ಟು ನಾಲ್ಕು ಮಣೆ. ಊಟವಾದ ಮೇಲೆ ಗೋಡೆಗೆ ಒರಗಿಸಿಡುತ್ತೇವೆ.