ನಾಲ್ಕನೇ ನಂಬರಿನ ಆಸಕ್ತಿ

ಮಾಸ್ತರಗ ಪಾಠ ಹೇಳೂದೊಂದ ಕೆಲಸ ಅಂತ ಮಂದಿ ತಿಳದಾರ. ದೋರನಹಳ್ಳಿಯಂಥ ಊರಾಗ ಇಂಗ್ಲಿಷ್ ಮಾಸ್ತರ ಆಗಿ ನೋಡ್ರಿ, ಬ್ಯಾರೆ ಕೆಲಸಾನೂ ಬ್ಯಾಡಂದ್ರೂ ಬೆನ್ನ ಹತ್ತತಾವ. ಊರಿಗಿ ಇಂಗ್ಲಿಷ್‌ನ್ಯಾಗ ಏನ ಕಾಗದ ಬಂದ್ರೂ ಸೀದಾ ನಮ್ಮ ಮನಿ ಬಾಗಲಕ್ಕ. ಕಾಲುವಿ ನೀರು ಹೊಸದಾಗಿ ಬಂದಿದ್ದ ಆ ವರ್ಷಗಳೊಳಗ, ಒಂದ ಒಂದು ಡಾಕ್ಟರ್ ಸೀಟಿನ ಸಲುವಾಗಿ ನಾ ಪಟ್ಟ ಪಾಡು ನೆನಸಿಕೊಂಡ್ರ ಈಗೂ ಒಬ್ಬನ ಕುಂತು ನಗತೀನಿ. ನಮ್ಮಾಕಿ ಅಡಗಿ ಮನಿಯಿಂದ ಹಣಿಕಿ ಹಾಕಿ ನೋಡ್ತಾಳ, ಇವರಿಗಿ ಏನಾತು ಅಂತ.

೧. ರಜಾ ಚೀಟಿ

ಆ ಸೀಟು ಬೇಕಾಗಿದ್ದ ಹುಡುಗಿ ನನ್ನ ಶಾಲಿದಾಕಿ. ಅವರಪ್ಪ ರೈತ, ಕಾಲುವಿಯ ಕೊನಿಗಿ ಅವನ ಹೊಲ. ನಮ್ಮೂರಾಗ ಆಗ ಹೆರಿಗಿ ಅಂದ್ರ ಶಹಾಪುರಕ್ಕ ಬಂಡಿ ಕಟ್ಟಬೇಕು. ಹುಡುಗಿಯ ಅಕ್ಕ ದವಾಖಾನಿ ಮುಟ್ಟೂದ್ರಾಗ ಬಂಡ್ಯಾಗ ಹಡದಿದ್ಳು. ಅವತ್ತಿಂದ ಈಕಿ ಹಟ ಹಿಡದಳು, ನಾ ಡಾಕ್ಟರ ಆಗಾಕಿ ಅಂತ.

ಒಂದಿನ ಅವರಪ್ಪ ಓಡಿಕೋತ ಬಂದ. ಕೈಯಾಗ ಮೆಡಿಕಲ್ ಕಾಲೇಜಿನ ಕಾಗದ. ಓದಿ ಹೇಳಿದೆ: "ವೇಟಿಂಗ್ ಲಿಸ್ಟಿನ್ಯಾಗ ನಾಲ್ಕನೇ ನಂಬರು. ಇನ್ನೂ ಆಸಕ್ತಿ ಇದ್ರ ಬರದು ತಿಳಸಬೇಕಂತ."

"ಅಯ್ಯ ಇವರ! ಅರ್ಜಿ ಹಾಕಿದ್ದು ಮತ್ಯಾಕ್ರಿ? ಹಸದು ಊಟಕ್ಕ ಕುಂತವಗ ಹಸಿವಿ ಅದ ಅಂತ ಬರಕೊಡು ಅಂದಂಗಾತಲ್ರಿ!"

"ಬರೀತೀನಿ ಬಿಡೋ ಅಣ್ಣಾ" ಅಂದೆ ಠೇಂಕಾರದಿಂದ. ಆದ್ರ ಒಂದ ಮಾತು ಒಪ್ಪಿಕೊಂಡು ಬಿಡ್ತೀನಿ. ಜೀವಮಾನದಾಗ ನಾ ಇಂಗ್ಲಿಷ್‌ನ್ಯಾಗ ಕಲಿಸಿದ್ದು ಒಂದ ಪತ್ರ, ರಜಾ ಚೀಟಿ. ಜ್ವರ ಬಂದಾದ, ರಜಾ ಮಂಜೂರು ಮಾಡ್ರಿ ಅಂತ. ಕಣ್ಣ ಮುಚ್ಚಿಕೊಂಡು ಅದನ್ನ ಬರದು, ಜ್ವರ ಇದ್ದಲ್ಲಿ ಆಸಕ್ತಿ, ರಜಾ ಇದ್ದಲ್ಲಿ ಸೀಟು ಹಾಕಿದೆ.

ಹುಡುಗಿ ಓದಿದ್ಳು. ತುಟಿ ಕಚ್ಚಿ ಹಿಡಕೊಂಡು ಅಂದ್ಳು: "ಸರ, ಇದರಾಗ ನಾ ಎರಡು ವರ್ಷದಿಂದ ಆಸಕ್ತಿಲೆ ನರಳಾಕತ್ತೀನಿ ಅಂತ ಬರದೀರಿ."

ನನಗ ನಾಚಿಕಿ ಆತು, ಆದ್ರ ಮಾಸ್ತರಿಕಿ ಬಿಡಬೇಕಲ್ಲ. "ಸುಳ್ಳೇನ?" ಅಂದೆ.

"ಸುಳ್ಳಲ್ರಿ. ಖರೇನ ನರಳಾಕತ್ತೀನಿ. ಹಂಗ ಕಳಸ್ರಿ."

೨. ಗುಂಡನ ಶಿಕ್ಕಾ

ಹದಿನೈದು ದಿನ ಉತ್ತರ ಇಲ್ಲ. ಅವರಪ್ಪ ಕುಂತಲ್ಲಿ ಕೂಡವಲ್ಲ, ನಿಂತಲ್ಲಿ ನಿಲ್ಲವಲ್ಲ. ಇನ್ನೊಂದು ಕಾಗದ ಬರಿಸಿಕೊಂಡ. ಈ ಸಲ ಹುಡುಗಿನ ಕುಂತು ತಿದ್ದಿದ್ಳು, ಯಾರೂ ನರಳಲಿಲ್ಲ. ಶಹಾಪುರಕ್ಕ ಹೋಗಿ ರಿಜಿಸ್ಟರ್ ಮಾಡಿ ಬಂದ. ಮುಟ್ಟಿದ ಮ್ಯಾಲ ಅಲ್ಲಿಯವರು ಸಹಿ ಮಾಡಿ ವಾಪಸ್ ಕಳಸೂ ಕಾರ್ಡೂ ಅದಕ್ಕ ಹಚ್ಚಿದ್ದ.

ವಾರ ಆತು. ನಾ ಶಾಲ್ಯಾಗ ಪಾಠ ಮಾಡಾಕತ್ತಿದ್ದೆ. ಹೊರಗ ಹಲಗಿ ಬಡಿಯೂ ಸಪ್ಪಳ! ಕಿಟಕ್ಯಾಗ ನೋಡ್ತೀನಿ, ಓಣಿಗಿ ಓಣಿನ ಬಂದಾದ. ಮುಂದ ಅವರಪ್ಪ, ತಲಿ ಮ್ಯಾಲ ಸಕ್ಕರಿ ಬುಟ್ಟಿ. ಸಿಕ್ಕವರ ಬಾಯಾಗೆಲ್ಲ ಹಿಡಿ ಹಿಡಿ ಸಕ್ಕರಿ ತುರಕಾಕತ್ಯಾನ. ನನ್ನ ಬಾಯಾಗೂ ತುರಕಿದ.

"ಸೀಟು ಆತ್ರಿ ಮಾಸ್ತರ್ರ! ದೊಡ್ಡ ಸಾಹೇಬರು ಸಹಿ ಮಾಡ್ಯಾರ, ಗುಂಡನ ಶಿಕ್ಕಾ ಬಿದ್ದಾದ!"

ಕಾರ್ಡು ಇಸಕೊಂಡು ನೋಡಿದೆ. ಕಾಗದ ಮುಟ್ಯಾದ ಅಂತ ಕಾಲೇಜಿನ ಜವಾನ ಮಾಡಿದ ಸಹಿ. ಆ ಗುಂಡನ ಮುದ್ರಿ ಪೋಸ್ಟ್ ಆಫೀಸಿಂದು. ಹೆಂಗ ಹೇಳಲಿ? ಬಾಯಿ ತುಂಬ ಸಕ್ಕರಿ ಬ್ಯಾರೆ. ನುಂಗಿ ಹೇಳಿದೆ. ಹಲಗಿ ನಿಂತು ಹೋತು.

ಅವ ಬುಟ್ಟಿ ಕೆಳಗ ಇಳಿಸಿದ. ಆಮ್ಯಾಲ ಮಂದಿ ಕಡಿ ತಿರುಗಿ ಜೋರಾಗಿ ಅಂದ: "ತಿಂದಿದ್ದು ತಿಂದ್ರಿ, ಯಾರೂ ಉಗುಳಬ್ಯಾಡ್ರಿ! ಸೀಟು ಬಂದಾಗ ಮತ್ತ ಕೇಳಾಕ ಬರಬ್ಯಾಡ್ರಿ!"

೩. ಮ್ಯಾಲಿನ ಹೊಲದವರು

ನಮ್ಮ ಕಡಿ ಕಾಲುವಿ ನೀರು ಪಾಳಿಲೆ ಬರ್ತದ. ಮ್ಯಾಲಿನ ಹೊಲದವ ಹಾಯಿಸಿ ಮುಗಿಸಿದ ಮ್ಯಾಲ ಕೆಳಗಿನವಗ. ಕೊನಿ ಹೊಲದವ ಮನ್ಯಾಗ ಕುಂತ್ರ ಹನಿ ನೀರು ಬರೂದಿಲ್ಲ. ಕಾಲುವಿ ಗುಂಟ ಮ್ಯಾಲ ನಡದು, ಒಬ್ಬೊಬ್ಬರಿಗೂ "ನಿಮ್ದು ಮುಗೀತೇನ್ರಿ, ಬಿಡ್ತೀರೇನ್ರಿ" ಅಂತ ಕೇಳಬೇಕು. ಪಾಳಿ ಇದ್ದವ ಕಾಣಲಿಲ್ಲಂದ್ರ ಕೂಗಿ ಕರೀಬೇಕು. ಹುಡುಗಿಯ ಅಪ್ಪ ವೇಟಿಂಗ್ ಲಿಸ್ಟಿಗೂ ಇದ ಕಾಯಿದೆ ಹಚ್ಚಿದ! ಕಾಲೇಜಿಗಿ ಹೋಗಿ, ಬೋರ್ಡಿನ ಮ್ಯಾಲಿದ್ದ ಮೊದಲಿನ ಮೂರು ಹೆಸರು, ಊರು ಬರಿಸಿಕೊಂಡು ಬಂದು, ಹೆಗಲಿಗಿ ಟವಲ್ ಹಾಕಿ ಹೊಂಟ. ತಿರುಗಿ ಬಂದ ಮ್ಯಾಲ ಅವರ ಮನಿ ಕಟ್ಟಿಗಿ ಕುಂತು ನನಗ ವರದಿ ಒಪ್ಪಿಸಿದ.

ಒಂದನೇ ನಂಬರು ಸುರಪುರದ ಅಂಗಡಿಯವರ ಮಗ. ಅವಗ ಬ್ಯಾರೆ ಕಡಿ ಸೀಟು ಸಿಕ್ಕಿತ್ತು, ತಿಳಿಸಿದ್ದಿಲ್ಲ ಅಷ್ಟ. ಅಲ್ಲೇ ಗಲ್ಲಾದ ಮ್ಯಾಲ, ಈ ಸೀಟು ಬ್ಯಾಡ ಅಂತ ಬರಿಸಿಕೊಂಡ. ಮೂರನೇ ನಂಬರು ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನ ಸಾಹೇಬರ ಮಗ. ಸಾಹೇಬರು ಕೂಡಂತನೂ ಅನ್ನಲಿಲ್ಲ. "ನನ್ನ ಮಗ ಡಾಕ್ಟರ ಆಗೇ ಆಗ್ತಾನ, ನಡೀ" ಅಂದು ಬಾಗಲ ಹಾಕ್ಯಾರ.

"ಎರಡನೇದು?" ಅಂದೆ.

"ಯಾದಗಿರಿದು. ಕ್ಲಾರ್ಕ್ ಒಬ್ಬರ ಮಗಳ್ರಿ" ಅಂದ. ಮುಖ ಅರಳಿತ್ತು. "ಸೀಟು ಬಂದ್ರೂ ಕಳಸೂದಿಲ್ಲ, ಲಗ್ನ ಮಾಡ್ತೀನಿ ಅಂತ ಅವರಪ್ಪ ಕುಂತಿದ್ದ."

"ಭಲೆ! ಅಂದ್ರ ಬಿಟ್ರಲ್ಲ!"

"ಎಲ್ಲಿ ಬಿಡ್ತಾರ? ಹುಡುಗಿ ಮೂಲ್ಯಾಗ ಕುಂತು ಅಳಾಕತ್ತಿತ್ರಿ. ನನಗ ತಡೀಲಿಲ್ಲ. ಇಡೀ ಮಧ್ಯಾಹ್ನ ಕುಂತು ಅವರಪ್ಪಗ ಬುದ್ಧಿ ಹೇಳಿದೆ. ಈಗ ಕಳಸತೀನಿ ಅಂತ ಒಪ್ಯಾನ. ಭಾರಿ ಶ್ಯಾಣ್ಯಾ ಹುಡುಗಿ ಬಿಡ್ರಿ ಮಾಸ್ತರ್ರ, ಡಾಕ್ಟರ ಆಗಬೇಕ್ರಿ ಅಂಥಾಕಿ!"

ನನ್ನ ಸಿಟ್ಟು ನೆತ್ತಿಗೇರಿತು. "ಮಾರಾಯಾ, ನೀ ಹೋಗಿದ್ದು ಬಿಡಸಾಕೋ, ಸೇರಸಾಕೋ?"

"ಹೋಗಿದ್ದು ಬಿಡಸಾಕ್ರಿ" ಅಂದ ತಲಿ ಕೆರಕೋತ. "ಊಟಾನೂ ಹಾಕಿದ್ರು, ನೋಡ್ರಿ."

ಅವನ ಮಗಳು ಒಳಗಿಂದ ಎಲ್ಲಾ ಕೇಳಿದ್ಳು. ಮೂರು ದಿನ ಅಪ್ಪನ ಸಂಗಾಟ ಮಾತಾಡಲಿಲ್ಲ.

೪. ಹನ್ನೆರಡರೊಳಗ

ಕಡೀಕ ಕಾಲೇಜಿಂದ ಕರೆ ಬಂತು. ಎರಡು ಸೀಟು ಉಳದಾವ, ವೇಟಿಂಗ್ ಲಿಸ್ಟಿನವರೆಲ್ಲ ಹಾಜರಾಗಬೇಕು, ಮಧ್ಯಾಹ್ನ ಹನ್ನೆರಡಕ್ಕ ಲಿಸ್ಟು ಮುಚ್ಚತದ ಅಂತ. ಹುಡುಗಿಗಿ ಸುರಪುರದಾಗ ಶಿಕ್ಷಕಿ ತರಬೇತಿಗೂ ಸೀಟು ಸಿಕ್ಕಿತ್ತು. ಇಲ್ಲಿ ಆಗಲಿಲ್ಲಂದ್ರ ಮರುದಿನ ಅಲ್ಲಿ ಸೇರಬೇಕು, ಡಾಕ್ಟರ ಆಸೆ ಅಲ್ಲಿಗೇ ಮುಗೀತು. ಅದಕ್ಕ ಚೀಲ ಕಟಗೊಂಡ ಬಂದಿದ್ಳು. ನಾವು ಮೂವರೂ ಬೆಳಿಗ್ಗೆ ಹೋಗಿ ಕುಂತ್ವಿ.

ಯಾದಗಿರಿ ಹುಡುಗಿ ಬಂದು ಒಂದು ಸೀಟು ತಗೊಂಡ್ಳು, ಹೋಗುವಾಗ ನಮ್ಮವನ, ಅಂದ್ರ ನಮ್ಮ ಹುಡುಗಿಯ ಅಪ್ಪನ, ಕಾಲು ಮುಟ್ಟಿ ಹೋದಳು. ಉಳದದ್ದು ಒಂದ. ಪ್ರಿನ್ಸಿಪಾಲರು ಮೂರನೇ ನಂಬರು ಕರದ್ರು. ಹುಡುಗ ಇಲ್ಲ! ಮುಂಜಾನಿಂದ ಕಾಣವಲ್ಲ ಅಂತ ಅವರಪ್ಪ ಸಾಹೇಬರೂ ಹುಡುಕಾಕ ಹೋಗಿದ್ರು. ಎರಡನೇ ಸಲ ಕರದ್ರು. ಇನ್ನೊಂದು ಸಲ ಕೂಗಿದ್ರ ಸೀಟು ನಮ್ದ.

ಅಷ್ಟರಾಗ ನಮ್ಮವ ಎದ್ದ. "ತಡೀರಿ ಸಾಹೇಬ್ರ, ಪಾಳಿ ಅವಂದದ. ಇಲ್ಲೇ ಎಲ್ಲರ ಇರ್ತಾನ, ಕರಕೊಂಡು ಬರ್ತೀನಿ!" ಅಂದವನ ಹೊರಗ ಓಡಿದ.

ಹುಡುಗಿ ಚೀಲ ಎತಗೊಂಡ್ಳು. ಕಣ್ಣಾಗ ನೀರು. "ಸರ, ನಮ್ಮಪ್ಪಗ ಊರ ಮಂದಿ ಮಕ್ಕಳೆಲ್ಲ ಡಾಕ್ಟರ ಆಗಬೇಕು, ನಾ ಒಬ್ಬಾಕಿ ಬಿಟ್ಟು. ನಾ ಸುರಪುರಕ್ಕ ಹೋಗ್ತೀನಿ." ಬ್ಯಾಡವ್ವಾ ಅಂದ್ರೂ ಕೇಳಲಿಲ್ಲ.

ಹನ್ನೆರಡಕ್ಕ ಕಾಲು ತಾಸು ಇರೂದ್ರಾಗ ನಮ್ಮವ ಹುಡುಗನ ರಟ್ಟಿ ಹಿಡದು ಎಳಕೊಂಡು ಬಂದ. "ಚಾದ ಅಂಗಡಿ ಹಿಂದ ಮಿರ್ಚಿ ಭಜಿ ತಿನ್ನಾಕತ್ತಿದ್ದ, ನೋಡ್ರಿ!"

ಹುಡುಗ ಅಳೂದೊಂದ ಬಾಕಿ. "ಸರ, ನಾ ಬೆಳಿಗ್ಗೆ ಎಂಟಕ್ಕ ಹೋಗಿ ಅಡಗಿದ್ದೆ. ನಮ್ಮಪ್ಪಗೂ ಸಿಕ್ಕಿದ್ದಿಲ್ಲ. ಈ ಮನಷ್ಯಾ ಎಲ್ಲಿಂದ ಬಂದನೋ! ನನಗ ಡಾಕ್ಟರಕಿ ಬ್ಯಾಡ್ರಿ. ನಮ್ಮಪ್ಪಗ ಬೇಕು, ಅವರಿಗೇ ಕೊಡ್ರಿ!"

ಕಚೇರಿಗೆ ಕಚೇರಿನ ನಕ್ಕಿತು. ಹುಡುಗ ಅಲ್ಲೇ ಕುಂತು ಬ್ಯಾಡ ಅಂತ ಬರಕೊಟ್ಟ. ಪ್ರಿನ್ಸಿಪಾಲರು ಗಡಿಯಾರ ನೋಡಿ ನಾಲ್ಕನೇ ನಂಬರು ಕರದ್ರು.

ನಾಲ್ಕನೇ ನಂಬರು ಬಸ್ ಸ್ಟ್ಯಾಂಡಿನ್ಯಾಗ!

ನಮ್ಮವಗ ನಾ ಹೇಳಿದೆ. ಆಗಲೇ ಓಡಿ ದಣದಿದ್ದ ಅವ ದಪ್ಪನ ನೆಲಕ್ಕ ಕುಂತ. ನನ್ನ ಮೊಣಕಾಲು ನೋವಿನ ಕಥಿ ಊರಿಗೇ ಗೊತ್ತದ, ನನಗ ಓಡೂದು ಆಗೂದಿಲ್ಲ. ಪ್ರಿನ್ಸಿಪಾಲರು ಹೇಳಿದ್ರು: "ಹನ್ನೆರಡಾದ್ರ ನಾಲ್ಕನೇ ನಂಬರು ಹೋತು. ಈ ಹುಡುಗ ಇಲ್ಲೇ ಅದಾನ, ಅವರಪ್ಪನ್ನ ಕರಸಿ ಕೇಳಬೇಕಾಗ್ತದ."

ಹುಡುಗನ ಮುಖ ಬಿಳಚಿಕೊಂಡಿತು. "ಎಲ್ಲಿ ಹೋಗ್ಯಾಳ್ರಿ ಅಕಿ?" ಅಂದ.

"ಸುರಪುರ ಬಸ್ಸಿಗಿ!" ಅಂದೆ.

"ಗುರತು?"

"ಬಸ್ಸಿನ್ಯಾಗ ಎಲ್ಲಾರಕಿಂತ ಸಿಟ್ಟಿಲೆ ಕುಂತಾಕಿನ ನಮ್ಮ ಹುಡುಗಿ!"

ಹುಡುಗ ಚಪ್ಪಲಿ ಅಲ್ಲೇ ಬಿಟ್ಟು ಓಡಿದ ನೋಡ್ರಿ! ಮುಂದಿಂದು ಹುಡುಗಿ ಆಮ್ಯಾಲ ಹೇಳಿದ್ದು. ಹೊಂಟ ಬಸ್ಸಿನ ಮುಂದ ಅಡ್ಡ ನಿಂತನಂತ. ಡ್ರೈವರ ಬೈದ್ರೂ ಸರೀಲಿಲ್ಲಂತ. ಒಳಗ ಹತ್ತಿ, "ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ, ಬಂದು ಡಾಕ್ಟರ ಆಗು" ಅಂದನಂತ.

ಹನ್ನೆರಡಕ್ಕ ಎರಡು ನಿಮಿಷ ಇರೂದ್ರಾಗ ಇಬ್ಬರೂ ತೇಕಿಕೋತ ಬಂದ್ರು. ಮುಂದ ಹುಡುಗಿ, ಹಿಂದ ತಲಿ ಮ್ಯಾಲ ಅಕಿ ಚೀಲ ಹೊತಗೊಂಡು ಹುಡುಗ. ಪ್ರಿನ್ಸಿಪಾಲರು ನಗಿ ತಡಕೊಂಡು ಕೇಳಿದ್ರು: "ಏನವ್ವಾ, ಸೀಟು ತಗೊಳ್ಳಾಕ ಆಸಕ್ತಿ ಅದ ಏನು?"

ಹುಡುಗಿಗಿ ಉಸುರು ಹತ್ತಿ ಮಾತ ಹೊಂಡವಲ್ಲದು. ಬಾಯಿ ತಗೀತಾಳ, ಮುಚ್ಚತಾಳ. ನೆಲದ ಮ್ಯಾಲ ಕುಂತ ಅವರಪ್ಪ ಎರಡೂ ಕೈ ಮುಗದು ಕುಂತಾನ. ಗಡಿಯಾರದ ಮುಳ್ಳು ಸರಿಯಾಕತ್ಯಾದ.

ಹುಡುಗ ಚೀಲ ಟೇಬಲ್ ಮ್ಯಾಲ ಒಗದು, ಪೆನ್ನು ತಗೊಂಡು ಅಕಿ ಕೈಯಾಗ ಹಿಡಿಸಿ ಅಂದ:

"ಅದ ಸರ, ಭಾಳ ಆಸಕ್ತಿ ಅದ! ಲಗೂನ ಬರಕೋರಿ ಸರ, ನಮ್ಮಪ್ಪ ಬರಾಕತ್ಯಾನ!"