ಗಾಲಿಗೊಂದು ಕುಲಾವಿ

"ಇನ್ನ ಮ್ಯಾಲೆ ಈ ಗಾಲಿಗೆ ಕೆಸರು ಹತ್ತಿತಂದ್ರ ನಾ ಬಾಳಗೊಂಡ ಪಾಟೀಲನಽ ಅಲ್ಲ!"

ಇಚಲಕರಂಜಿಯ ತನ್ನ ಮನೆಯಂಗಳದಲ್ಲಿ, ಹೊಸ ಕಾರಿನ ಮುಂದೆ ಲುಂಗಿ ಎತ್ತಿಕಟ್ಟಿ ನಿಂತು ಬಾಳಗೊಂಡ ಮಾಡಿದ ಘೋರ ಪ್ರತಿಜ್ಞೆ ಇದು. ಕೇಳಲು ಇದ್ದವರು ಹೆಂಡತಿ ಮಾಣಿಕಬಾಯಿ ಮತ್ತು ಮಗಳು ನೂತನ. ಇಬ್ಬರೂ ಬೆಚ್ಚಿಬೀಳಲಿಲ್ಲ. ಕೊಲ್ಹಾಪುರದಿಂದ ಕಾರು ಬಂದಾಗಿನಿಂದ ಇಂಥ ಪ್ರತಿಜ್ಞೆಗಳು ಆ ಮನೆಯಲ್ಲಿ ದಿನಾ ಚಹಾದ ಜೊತೆಗೇ ಆಗುತ್ತಿದ್ದವು.

ಕಾರಿಗಿಂತ ಅದರ ಫಳಫಳ ಹೊಳೆಯುವ ಗಾಲಿಗಳೇ ಅವನ ತಲೆ ಕೆಡಿಸಿದ್ದವು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು, ಒರೆಸುವುದು, ದೂರ ಹೋಗಿ ನೋಡುವುದು, ಸಮಾಧಾನವಾಗದೆ ಬಂದು ಮತ್ತೆ ಒರೆಸುವುದು!

ಇದೇ ಹೊತ್ತಿಗೆ ನೂತನಳಿಗೆ ಗಡಹಿಂಗ್ಲಜದ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಅತುಲ, ನೂತನ ಇಬ್ಬರೂ ಒಪ್ಪಿದ್ದರು. ಚಾತುರ್ಮಾಸ ಹಿಡಿಯುವ ಮೊದಲು, ಬರುವ ರವಿವಾರ ಅಲ್ಲಿಗೆ ಹೋಗಿ ನಿಶ್ಚಯದ ಅಡಿಕೆ, ಅಂದರೆ ಸುಪಾರಿ, ಒಡೆದರೆ ಮದುವೆ ಪಕ್ಕಾ. ಎರಡೂ ಜೈನ ಮನೆತನಗಳೇ, ಆದರೆ ಹುಡುಗನ ತಾಯಿ ಅಲಕಾಬಾಯಿ ಭಾರೀ ಕಟ್ಟುನಿಟ್ಟು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದವರು. "ಊಟ ಹೊತ್ತಿರತನಾನ ಮುಗೀಬೇಕ್ರಿ, ಲಗೂ ಬರ್ರಿ" ಎಂದು ಅವರು ಫೋನಿನಲ್ಲಿ ಹೇಳಿದರೆ, ಬಾಳಗೊಂಡ ಊಟ ಬಿಟ್ಟು ಗಾಲಿಗೆ ಹಾರಿದ.

"ಬಾಯಾರ, ನಮ್ಮ ಗಾಡಿ ಗಾಲಿ ನೀವು ನೋಡಬೇಕ್ರಿ! ಮುಖಾ ಕಾಣತೈತಿ ಅದರಾಗ!"

ಆ ಕಡೆಯಿಂದ "ಹೂಂ" ಕೂಡ ಬರಲಿಲ್ಲ.

"ನೋಡ, ಖುಷೀಲೆ ಮಾತ ನಿಂತು ಅವರದು" ಎಂದು ಬಾಳಗೊಂಡ ಮೀಸೆ ತಿರುವಿದ.

ಅಷ್ಟರಲ್ಲಿ ಮುಂಗಾರಿನ ಮಿರಗದ ಮಳೆ ಹಿಡಿಯಿತು. ಓಣಿ ತುಂಬ ರಾಡಿ. ಬಾಳಗೊಂಡನಿಗೆ ನಿದ್ದೆ ಹತ್ತಲೊಲ್ಲದು. ಪಕ್ಕದ ಕೊರೋಚಿಯಲ್ಲಿ ಅವನವೇ ಪವರ್‌ಲೂಮ್ ಮಗ್ಗಗಳಿದ್ದವು. ಅಲ್ಲಿಂದ ಕೋರಾ ಬಟ್ಟೆ ತಂದು, ಲಾಡಿ ಪೋಣಿಸಿ, ಪ್ರತಿ ಗಾಲಿಗೂ ಕೂಸಿನ ಕುಲಾವಿಯಂಥದ್ದೊಂದು ಹೊಲಿದ. ತೊಡಿಸಿದರೆ ಅವು ಜೋತುಬಿದ್ದವು. ನೂಲಿಗೆ ಗಂಜಿ ಉಣಿಸದೆ ಮಗ್ಗಕ್ಕೆ ಏರಿಸದವನು ಅವನು. ಜಗತ್ತಿನ ಸಕಲ ಸಂಕಟಗಳಿಗೂ ಗಂಜಿಯೇ ಮದ್ದು ಎಂದು ನಂಬಿದವನು! ನೆಟ್ಟಗೆ ಅಡುಗೆಮನೆಗೆ ನುಗ್ಗಿದ. ಬೀಗರ ಉಪಚಾರಕ್ಕೆಂದು ಆಜರಾದಿಂದ ತರಿಸಿದ್ದ ಘಮಘಮಿಸುವ ಅಕ್ಕಿಯನ್ನು ಕುದಿಸಿ, ಗಟ್ಟಿ ಗಂಜಿ ಮಾಡಿ, ಕುಲಾವಿಗಳನ್ನು ಅದರಲ್ಲಿ ಅದ್ದಿ ಒಣಗಿಸಿದ.

"ರೀ, ಬೀಗರ ಅಕ್ಕಿ ಗಾಲಿಗೆ ಉಣಸಾಕತ್ತೀರೇನ?"

"ಕಡಕ್ ಟೊಪಗಿ ಮ್ಯಾಲೆ ಧೂಳ ಕುಂಡ್ರತೈತೇನ? ಹಂಗಽ ಇದು. ನಿನಗ ತಿಳಿಯಂಗಿಲ್ಲ ಬಿಡ."

ಶುಕ್ರವಾರ ಕುಲಾವಿ ತೊಡಿಸಿದವನು ಎರಡು ದಿನ ಬಿಚ್ಚಲೇ ಇಲ್ಲ. ರವಿವಾರ ಮಧ್ಯಾಹ್ನ ರೇಷ್ಮೆ ಜುಬ್ಬ, ಕೊಲ್ಹಾಪುರಿ ಫೇಟಾ ಏರಿಸಿ, ಪರದೆ ಸರಿಸುವ ಮಂತ್ರಿಯ ಠೀವಿಯಿಂದ ಮೊದಲನೆಯದನ್ನು ಎಳೆದ.

ಗಾಲಿ ಕಪ್ಪಗಾಗಿತ್ತು. ಅಷ್ಟೇ ಅಲ್ಲ, ಆ ಕಪ್ಪು ಹರಿದಾಡುತ್ತಿತ್ತು!

ಮಳೆಗೆ ಗೂಡು ಕಳೆದುಕೊಂಡ ಓಣಿಯ ಇರುವೆಗಳೆಲ್ಲ ಮೊಟ್ಟೆ ಹೊತ್ತು ಬಂದು ಅಲ್ಲಿ ಸಂಸಾರ ಹೂಡಿದ್ದವು. ಒಣ ಮನೆ, ಬೆಚ್ಚನೆ ಜಾಗ, ಗೋಡೆಯೆಲ್ಲ ಆಜರಾ ಅಕ್ಕಿ! ಉಳಿದ ಗಾಲಿಗಳಲ್ಲೂ ಅದೇ ವೈಭವ.

"ಏನಾಗಂಗಿಲ್ಲ, ಗಾಡಿ ಚಾಲೂ ಆದ್ರ ತಾವಽ ಉದರಿ ಹೋಗ್ತಾವ" ಎಂದು ಬಾಳಗೊಂಡ ಕೀಲಿ ತೆಗೆದ.

ಮಾಣಿಕಬಾಯಿ ಕಾರಿಗೆ ಅಡ್ಡ ನಿಂತಳು. "ಚಾವಿ ಇಲ್ಲೆ ಕೊಡ್ರಿ! ಒಂದ ಸುತ್ತ ಗಾಲಿ ತಿರಗಿದ್ರ ಎಷ್ಟ ಜೀವ ಹೋದಾವು? ಮಗಳ ಸುಪಾರಿಗೆ ಈ ಪಾಪ ಕಟಗೊಂಡು ಹೋಗೂದೇನ?"

ಬಾಳಗೊಂಡ ಕಾರಿನಿಂದ ಹಿಂದೆ ಸರಿದ. ಅವನೂ ಜೀವ ಹೋಗಬಾರದೆಂದು ನೀರು ಸೋಸಿ ಕುಡಿದು ಬೆಳೆದವನೇ. ಕೀಲಿ ಅವಳ ಕೈಗೆ ಹೋಯಿತು. ಮೆತ್ತನೆಯ ಪೊರಕೆಯಿಂದ ಸವರಿದರೆ ಇರುವೆಗಳು ಕೆಳಗಿಳಿದು ಇನ್ನೊಂದು ಗಾಲಿ ಏರಿದವು. ನೂತನ ಗೋಡೆಯ ಬದಿಗೆ ಬೆಲ್ಲ ಇಟ್ಟು ನೋಡಿದಳು. ಬೆಲ್ಲಕ್ಕೆ ಹೋದ ಇರುವೆಗಳು ಅಲ್ಲಿಂದ ಹೊಸ ನೆಂಟರನ್ನು ಕರೆದುಕೊಂಡೇ ಬಂದವು!

ಹೊತ್ತು ಜಾರುತ್ತಿತ್ತು. ಬಸ್ಸು ಹೋಗಿಯಾಗಿತ್ತು. ಬಾಡಿಗೆ ಗಾಡಿಯವನಿಗೆ ಫೋನ್ ಮಾಡಿದರೆ "ಆಜ್ ನಾಹೀ ಜಮಣಾರ, ಪಾಟೀಲಸಾಹೇಬ್" ಎಂದು ಮರಾಠಿಯಲ್ಲಿ ಇವತ್ತು ಆಗದೆಂದು ಹೇಳಿ ಫೋನ್ ಇಟ್ಟುಬಿಟ್ಟ. ಆಗ ಓಣಿಯ ತಿರುವಿನಲ್ಲಿ ಕುರಿ ಸಾಕುವ ಸತ್ಯಪ್ಪನ ಪಿಕಪ್ ಗಾಡಿ ಕಂಡಿತು. ಗಡಹಿಂಗ್ಲಜದ ಬಗಲಿಗೇ ಇರುವ ನೂಲ ಎಂಬ ಹಳ್ಳಿಗೆ ಹೊರಟಿದ್ದ, ಕುರಿ ತರಲು.

"ಹತ್ರಿ ಪಾಟೀಲ್ರ! ಬಾಯಾರು, ತಂಗಿ ಮುಂದ ಕುಂಡ್ರಲಿ. ನೀವು ಹಿಂದ ನಿಂದ್ರಿ. ವಾಸನಿ ಒಂದೀಟು ಬರತೈತಿ, ಅಷ್ಟಽ."

ಒಂದೀಟು! ಕುರಿಗಳು ಇಳಿದುಹೋದರೂ ಅವುಗಳ ನೆನಪು ದಟ್ಟವಾಗಿಯೇ ಇತ್ತು. ದಾರಿಯುದ್ದ ಲಾರಿಗಳು ಸಿಡಿಸಿದ ರಾಡಿಯೆಲ್ಲ ಬಾಳಗೊಂಡನ ಜುಬ್ಬದ ಮೇಲೆ. ಗಾಲಿಗೆ ತಾಗಬಾರದೆಂದು ಕಾಯ್ದ ಕೆಸರು ಯಜಮಾನನಿಗೇ ಅಭಿಷೇಕವಾಯಿತು. ಆದರೆ ಅವನಿಗೆ ಅದರ ಪರಿವೆಯೇ ಇರಲಿಲ್ಲ. ಸೂರ್ಯನನ್ನೇ ನೋಡುತ್ತ ನಿಂತಿದ್ದ. ತನ್ನ ಡೌಲಿಗೆ ಮಗಳ ಮದುವೆ ಮುರಿದರೆ? ಅವನ ಕಣ್ಣು ತುಂಬಿದವು.

ಗಡಹಿಂಗ್ಲಜ ಮುಟ್ಟಿದಾಗ ಬಿಸಿಲು ಮಾಳಿಗೆಯ ಅಂಚಿಗೆ ಸರಿದಿತ್ತು. ಅಲಕಾಬಾಯಿ ಬಾಗಿಲಲ್ಲೇ ನಿಂತಿದ್ದರು. ಪಿಕಪ್ಪನ್ನು ನೋಡಿದರು, ಕೆಸರಿನ ಬಾಳಗೊಂಡನನ್ನು ನೋಡಿದರು.

"ಎಲ್ಲ್ಯದ್ರಿ ನಿಮ್ಮ ಮುಖಾ ಕಾಣೂ ಗಾಲಿ?"

ಬಾಳಗೊಂಡ ಜುಬ್ಬದ ಕೆಸರು ಕೊಡವತೊಡಗಿದ. ಮಾಣಿಕಬಾಯಿಯೇ ಗಂಜಿಯಿಂದ ಹಿಡಿದು ಬೆಲ್ಲದವರೆಗೆ ಎಲ್ಲ ಹೇಳಿಬಿಟ್ಟಳು, ಗಂಡನ ಮಾನ ಒಂದಿಷ್ಟೂ ಉಳಿಸದೆ!

ಅಲಕಾಬಾಯಿ ಸೆರಗು ಬಾಯಿಗೆ ಹಿಡಿದು ನಗತೊಡಗಿದವರು ನಿಲ್ಲಿಸಲೇ ಇಲ್ಲ.

"ಖರೇ ಹೇಳಲ್ರಿ? ಇವತ್ತ ಸುಪಾರಿ ಬ್ಯಾಡ ಅನ್ನಾಕ ನಿಂತಿದ್ದೆ. ಫೋನ್ ಮಾಡಿದಾಗೊಮ್ಮೆ ಗಾಲಿ, ಗಾಲಿ! ಇಂಥಾ ಡೌಲಿನ ಮನಿ ಹುಡಗಿ ನಮ್ಮಲ್ಲೆ ಹ್ಯಾಂಗ ಬಾಳೇ ಮಾಡ್ಯಾಳು ಅಂತ ಭಾಳ ಅಂಜಿಕಿ ಬಂದಿತ್ತು. ಇರುವಿ ಸಲುವಾಗಿ ಕುರಿ ಗಾಡ್ಯಾಗ ಬಂದೀರಂದ್ರ ಮುಗೀತು, ಹುಡಗಿ ನಮ್ಮಾಕಿ. ಬರ್ರಿ ಒಳಗ, ಹೊತ್ತೈತಿ ಇನ್ನೂ!"

ಸುಪಾರಿ ಒಡೆಯಿತು. ಆ ಸಪ್ಪಳ ಕೇಳಿದ ಮೇಲೆಯೇ ಬಾಳಗೊಂಡನಿಗೆ ಸರಿಯಾಗಿ ಉಸಿರು ಬಂದದ್ದು. ನೂತನ ಅತುಲನ ಕಡೆ ನೋಡಿ ತಲೆ ತಗ್ಗಿಸಿ ನಕ್ಕಳು. ಅದನ್ನು ಕಂಡು ಎದೆ ಹಗುರಾಗಿ, ಹೊತ್ತು ಮುಳುಗುವ ಮೊದಲೇ ಬಾಳಗೊಂಡ ಮತ್ತೆ ಮತ್ತೆ ಬಡಿಸಿಕೊಂಡು ಉಂಡ. ಹೊಟ್ಟೆ ತುಂಬಿದ್ದೇ ತಡ, ಹಳೇ ಬಾಳಗೊಂಡ ಎದ್ದು ಕೂತ!

"ನೋಡಿದ್ಯಾ ಮಾಣಿಕ? ನಾ ಗಂಜಿ ಹಾಕಿದ್ದಕ್ಕಽ ಇರುವಿ ಬಂದ್ವು, ಇರುವಿ ಬಂದದ್ದಕ್ಕಽ ಮದುವಿ ಕೂಡಿತು. ಎಲ್ಲಾ ನನ್ನ ಡೋಕೆ!" ಎಂದು ತಲೆ ಮುಟ್ಟಿ ತೋರಿಸಿದ.

ಎಲೆಅಡಿಕೆಯ ತಟ್ಟೆ ಹಿಡಿದು ಬಂದ ಅಲಕಾಬಾಯಿಗೆ ಅದು ಕೇಳಿಸಿತು.

"ಹೌದ್ರಿ ಬೀಗರ, ಅದಕ್ಕಽ ಲಗ್ನದಾಗ ಮೊದಲನೇ ಆಯೇರಿ ಉಡುಗೊರಿ ಇರುವಿಗೋಳಿಗೆ" ಎಂದರು. "ಉಳದ್ರ ನಿಮಗೊಂದು ಟಾವೆಲ್."