ತಿಂಗಳಿಗೆರಡು ಅಳತೆ

ಹೊಸದುರ್ಗದಲ್ಲಿ ಬ್ಲೌಸ್ ಹೊಲಿಯುವ ನನ್ನಂಥವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದೇ ಜಗಳದ ವೇಷ ಹಾಕಿಕೊಂಡು ಅಂಗಡಿ ಮೆಟ್ಟಿಲು ಹತ್ತುತ್ತದೆ.

೧. ಬಿಗಿ, ಸಡಿಲ

ನನ್ನ ಖಾಯಂ ಗಿರಾಕಿ ಒಬ್ಬ ಟೀಚರು ಬಂದವರೇ ಹೊಸ ಬ್ಲೌಸನ್ನು ಮಿಷನ್ ಮೇಲೆ ಎಸೆದರು. "ಏನಕ್ಕ ಹಿಂಗೆ ಹೊಲ್ದಿದೀಯ? ಉಸಿರಾಡಾಕೆ ಆಗಲ್ಲ. ಮುಟ್ಟಿದ್ರೆ ನೋಯ್ತೈತೆ!"

ಟೇಪು ಹಿಡಿದು ನೋಡಿದರೆ ಹೌದು, ಅಳತೆ ಏರಿದೆ. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಮುಂದಿನ ವಾರ ಮತ್ತೆ ಹಾಜರು. "ಇದೇನಕ್ಕ, ಜೋಲಾಡ್ತೈತೆ? ಒಳಗೆ ಇನ್ನೊಬ್ರು ಹಿಡೀತಾರೆ!"

ಬಿಚ್ಚಿದ ಜಾಗದಲ್ಲೇ ಮತ್ತೆ ಹೊಲಿದೆ. "ಮೊದ್ಲೇ ಹಿಂಗೆ ಹೊಲ್ದಿದ್ರೆ ಏನಾಗ್ತಿತ್ತು ನಿಂಗೆ?" ಎಂದು ಬುದ್ಧಿ ಹೇಳಿ ಹೋದರು.

೨. ಯಾರ ಮದುವೆ?

ಅದೇ ದಿನಗಳಲ್ಲಿ ಸ್ನಾನ ಮಾಡುವಾಗ ನನ್ನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕೋಟಿನ ಗುಂಡಿಯಷ್ಟಿತ್ತು, ಮುಟ್ಟಿದರೆ ನೋವು. ಕ್ಯಾನ್ಸರ್ರೇ ಎಂದು ತೀರ್ಮಾನಿಸಿಬಿಟ್ಟೆ. ಆರನೇ ಕ್ಲಾಸಿನ ಮಗಳಿಗೆ ಜಡೆ ಹಾಕುವಾಗ, ಮುಂದೆ ಇವಳಿಗೆ ಜಡೆ ಯಾರು ಹಾಕುತ್ತಾರೋ ಎಂದು ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಕಸುಬಿನವಳಲ್ಲವೇ, ದಿನಾ ಬಾಗಿಲು ಹಾಕಿಕೊಂಡು ಟೇಪಿನಲ್ಲಿ ಅಳೆಯುತ್ತಿದ್ದೆ.

ಒಂದು ದಿನ ಅತ್ತೆ ಬಾಗಿಲು ತಳ್ಳಿಕೊಂಡೇ ಬಂದರು. "ಏನವ್ವ, ದಿನಾ ನಿಂದೇ ಅಳತೆ ತಗಂತೀಯ? ಯಾರ್ದು ಮದ್ವೆ?"

೩. ಕುರಿ ಮತ್ತು ಸೊಸೆ

ವಿಷಯ ಕೇಳಿದ್ದೇ ತಡ, ಅತ್ತೆ ನನ್ನನ್ನು ಚಿತ್ರದುರ್ಗದ ಬಸ್ಸು ಹತ್ತಿಸಿದರು. ಗಾಬರಿಯಲ್ಲಿ ಟೇಪು ನನ್ನ ಕುತ್ತಿಗೆಯಲ್ಲೇ ಉಳಿದಿತ್ತು. ಹುಟ್ಟಿದಾಗಿನಿಂದ ಕುರಿ ಸಾಕಿದ ಹೆಂಗಸು ಅವರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ನಮ್ಮ ಕುರಿಗೆ ಕೆಚ್ಚಲು ಬಾತ್ರೆ ನಾವು ಬೇವಿನ ಸೊಪ್ಪು ಕಾಸಿ..."

"ಅಜ್ಜಿ, ಇವರು ಕುರಿ ಅಲ್ಲ."

"ಅದು ಗೊತ್ತವ್ವ. ಕುರಿ ಆಗಿದ್ರೆ ನಾನೇ ನೋಡ್ಕಂತಿದ್ದೆ. ನಿನ್ತಾವ ಯಾಕೆ ಬರ್ತಿದ್ದೆ?"

೪. ಆಮೇಲೆ ಬನ್ನಿ

ಡಾಕ್ಟರಮ್ಮ ನಗುತ್ತಲೇ ಪರೀಕ್ಷೆ ಮಾಡಿದರು. ಮುಟ್ಟಿಗೆ ಮುಂಚೆ ಹಾರ್ಮೋನು ಏರಿಳಿದು ಎದೆ ಬಿಗಿಯುತ್ತದೆ, ನೋಯುತ್ತದೆ, ಗಂಟುಗಂಟಾಗುವುದೂ ಉಂಟು ಎಂದರು. "ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಅಂತ ಮನೇಲಿ ಟೇಪು ಹಿಡಿದು ಹೇಳೋಕಾಗಲ್ಲ. ಗಾಬರಿ ಬೇಡ. ಮುಟ್ಟು ಮುಗೀಲಿ, ಆಮೇಲೆ ಬನ್ನಿ, ನೋಡೋಣ."

ಆಮೇಲೆ ಅತ್ತೆಯ ಜೊತೆ ಹೋದಾಗ ನೋವು ಹೋಗಿತ್ತು, ಗಂಟು ಅಂಗಿ ಗುಂಡಿಯಷ್ಟಾಗಿತ್ತು. ಸ್ಕ್ಯಾನ್ ಮಾಡಿ, ನೀರು ತುಂಬಿದ ಸಣ್ಣ ಗುಳ್ಳೆ, ಅಪಾಯವಿಲ್ಲ ಎಂದರು. ನಾನು ಅಲ್ಲೇ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಆಗ ಟೀಚರ ಬ್ಲೌಸು ನೆನಪಾಯಿತು. ಇಷ್ಟು ವರ್ಷ ನಾನು ಅಳೆದ ಮೈಗಳೆಲ್ಲ, ಯಾರೂ ಬಿಚ್ಚದೆ, ಯಾರೂ ಹೊಲಿಯದೆ, ತಿಂಗಳಿಗೊಮ್ಮೆ ತಾವೇ ಹಿಗ್ಗಿ ತಾವೇ ಅಳತೆಗೆ ಮರಳುತ್ತಿದ್ದವು! ಎಂಥ ಟೈಲರಪ್ಪ ಅವನು, ಮೇಲಿರುವವನು!

೫. ಫೋನು

ಹೊರಡುವಾಗ ಡಾಕ್ಟರಮ್ಮ ತಮಗೂ ಒಂದು ರೇಷ್ಮೆ ಬ್ಲೌಸು ಬೇಕೆಂದರು. ಈ ಸಲವೂ ಟೇಪು ಕುತ್ತಿಗೆಯಲ್ಲೇ ಇತ್ತು, ಅಲ್ಲೇ ಅಳತೆ ತೆಗೆದೆ. ಹೊಲಿದು ಕಳಿಸಿದ ಕೆಲವು ದಿನಕ್ಕೆ ಫೋನು ಬಂತು.

"ಏನ್ರೀ, ಅಳತೆ ತಪ್ಪಿದೀರಿ! ಹುಕ್ಕೇ ಕೂಡ್ತಿಲ್ಲ, ಎದೆಯೆಲ್ಲಾ ನೋವು."

ನಾನು ಟೇಪು ಸರಿಮಾಡಿಕೊಂಡು ಹೇಳಿದೆ: "ಗಾಬರಿ ಬೇಡ್ರಿ ಮೇಡಂ. ಮುಟ್ಟು ಮುಗೀಲಿ, ಆಮೇಲೆ ಬರ್ರಿ, ನೋಡಾಣ."

ಡಾಕ್ಟರಮ್ಮ ಕೇಳಿದರು: "ಫೀಸ್ ಎಷ್ಟಾಯ್ತು?"